ಎಡಗಡೆ ಗೋಡೆ ಪಕ್ಕದ ಬೆಂಚು

ಎಂ.ಎ. ಅರ್ಥಶಾಸ್ತ್ರಕ್ಕೆ ಸೇರಿದ ಮೊದಲ ಕೆಲವು ತಿಂಗಳು ನಾನು ದಡ್ಡನೆಂದೇ ತೀರ್ಮಾನಿಸಿಕೊಂಡಿದ್ದೆ. ನಮ್ಮದು ಪಾಂಡವಪುರ ಸ್ಟೇಷನ್ನಿಗೆ ಹತ್ತಿರದ ಹಳ್ಳಿ. ಡಿಗ್ರಿವರೆಗೂ ಓದಿದ್ದು ಕನ್ನಡದಲ್ಲಿ. ಆಗ ಕ್ಲಾಸಿನಲ್ಲಿ ಇದ್ದವರೇ ಬೆರಳೆಣಿಕೆಯಷ್ಟು ಜನ, ಮೇಷ್ಟ್ರು ಎದುರಿಗೇ ಕೂತು ಪಾಠ ಹೇಳುತ್ತಿದ್ದರು. ಮೈಸೂರಿನ ವಿಶ್ವವಿದ್ಯಾಲಯದಲ್ಲಿ ಹಾಗಲ್ಲ. ದೊಡ್ಡ ಹಾಲು, ಕಟಕಟ ಸದ್ದು ಮಾಡುವ ಫ್ಯಾನುಗಳು, ಬೋರ್ಡಿನ ಕಡೆ ತಿರುಗಿ ಬರೆಯುತ್ತಲೇ ಇಂಗ್ಲಿಷಿನಲ್ಲಿ ಮಾತಾಡುವ ಮೇಡಂ. ಸಂಕೋಚಕ್ಕೆ ನಾನು ಹಿಂದಿನ ಸಾಲಿನ ಬಲತುದಿಯಲ್ಲಿ, ಕಿಟಕಿ ಪಕ್ಕ ಕೂರುತ್ತಿದ್ದೆ. ಕಿವಿಗೆ ಬಿದ್ದಷ್ಟನ್ನೂ ಗೀಚಿಕೊಳ್ಳುತ್ತಿದ್ದೆ. ಸಂಜೆ ಓದಿದರೆ ಒಂದು ವಾಕ್ಯದ ತಲೆ, ಇನ್ನೊಂದರ ಬಾಲ.

ಇಂಗ್ಲಿಷು ಬಾರದ್ದೇ ಕಾರಣವೆಂದುಕೊಂಡು ಮಾರನೆ ದಿನದ ಪಾಠವನ್ನು ಮೊದಲೇ ಕನ್ನಡದಲ್ಲಿ ಓದಿಕೊಂಡು ಹೋಗತೊಡಗಿದೆ. ವಿಷಯವೇನೋ ತಿಳಿದಿರುತ್ತಿತ್ತು. ಕ್ಲಾಸಿನಲ್ಲಿ ಮಾತ್ರ ಮಾತುಗಳು ಕೈಗೆ ಸಿಗುತ್ತಿರಲಿಲ್ಲ.

ದಿನವೂ ರೈಲಿನಲ್ಲಿ ನನ್ನ ಜೊತೆಗೆ ಬರುತ್ತಿದ್ದವನು ಗಂಜಾಂನ ಗೆಳೆಯ. ಅವನ ತಂದೆ ದೇವಸ್ಥಾನದಲ್ಲಿ ಪೂಜೆ ಮಾಡುವವರು. ಶ್ರೀರಂಗಪಟ್ಟಣದಲ್ಲಿ ಹತ್ತುತ್ತಿದ್ದ, ನನ್ನ ಕ್ಲಾಸಿನವನೇ. ಒಂದು ಬೆಳಿಗ್ಗೆ ಮೊಬೈಲಿನಲ್ಲಿ ಕ್ರಿಕೆಟ್ ಕಾಮೆಂಟರಿ ಹಾಕಿ, ಇಯರ್‌ಫೋನಿನ ಒಂದು ತುದಿಯನ್ನು ನನಗೆ ಕೊಟ್ಟ. ಅವನು ಎಡಕ್ಕೆ ಕೂತಿದ್ದರಿಂದ ಎಡಗಿವಿಗೇ ಸಿಕ್ಕಿಸಿಕೊಂಡೆ.

"ಕೆಟ್ಟೋಗೈತೆ ಕಣ್ಲಾ ಇದು. ಏನೂ ಕೇಳ್ತಿಲ್ಲ."

ಅವನು ಅದನ್ನು ಕಿತ್ತು ತನ್ನ ಕಿವಿಗೆ ಇಟ್ಟುಕೊಂಡು ನೋಡಿದ. "ಚೆನ್ನಾಗೇ ಇದೆಯಲ್ಲೋ!" ಎಂದು ನನ್ನ ಬಲಗಿವಿಗೆ ಹಾಕಿದ. ಕಾಮೆಂಟರಿ ಗಟ್ಟಿಯಾಗಿ ಕೇಳಿಸಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಫೋನನ್ನು ಯಾವಾಗಲೂ ಬಲಗಿವಿಗೇ ಹಿಡಿಯುತ್ತಿದ್ದ ನನಗೆ ಅದು ಅಭ್ಯಾಸವೆಂದೇ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ.

"ಅದಕ್ಕೇ ಕಣೋ, ನಾನು ಈ ಕಡೆ ಕೂತಾಗೆಲ್ಲ ನೀನು ಉತ್ತರಾನೇ ಕೊಡಲ್ಲ. ನಾನು ಕೋಪ ಅಂದ್ಕೊಂಡಿದ್ದೆ."

ಕಿವಿ ಡಾಕ್ಟರ ಹತ್ತಿರ ಅವನೇ ಕರೆದುಕೊಂಡು ಹೋದ. ಚಿಕ್ಕಂದಿನಲ್ಲಿ ಎಡಗಿವಿ ಸೋರುತ್ತಿದ್ದಾಗ ಕಿವಿಯೊಳಗಿನ ತಮಟೆಯಲ್ಲಿ ತೂತಾಗಿ ಹಾಗೇ ಉಳಿದಿದೆ, ರಜೆಯಲ್ಲಿ ಆಪರೇಷನ್ ಮಾಡಬಹುದು, ಹೆದರುವಂಥದ್ದೇನಿಲ್ಲ ಎಂದರು ಡಾಕ್ಟರು. ಅಲ್ಲಿಯವರೆಗೆ ನಾಲೆಯಲ್ಲಿ ಈಜಬೇಡ ಎಂದೂ ಹೇಳಿದರು. ರೋಗವಿದೆ ಎಂದು ಹೇಳಿಸಿಕೊಂಡು ನಗುತ್ತ ಹೊರಗೆ ಬಂದವನು ಬಹುಶಃ ನಾನೊಬ್ಬನೇ. ಎದೆ ಮೇಲಿನ ಕಲ್ಲು ಇಳಿಸಿದಂತಾಗಿತ್ತು.

ಮನೆಯಲ್ಲಿ ಅವ್ವ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಎಲ್ಲ ಕೇಳಿದಳು. "ಕಿವಿ ತಾನೇ? ತಲೆ ಸರ್ಯಾಗೈತಲ್ಲ, ಬುಡು," ಎಂದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಎಡಗಿವಿ ಮುಟ್ಟಿ, "ಕರುದ್ರೂ ಬರ್ನಿಲ್ಲ ಅಂತ ಎಷ್ಟೊಂದು ಬೈದ್ಬುಟ್ಟೆನಲ್ಲಪ್ಪಾ" ಎಂದಳು.

ಮೇಡಂಗೆ ಹೇಳುವುದು ಇದೆಲ್ಲಕ್ಕಿಂತ ಕಷ್ಟವಾಗಿತ್ತು. ಗೆಳೆಯ ಬೆನ್ನಿಗೆ ಕೈ ಕೊಟ್ಟು ಅವರ ರೂಮಿನೊಳಕ್ಕೆ ತಳ್ಳಿದ. ನನ್ನ ಮಾತು ಮುಗಿಯುವ ಮೊದಲೇ ಮೇಡಂ ಎದ್ದರು. "ಬನ್ನಿ, ಎಲ್ಲಿ ಚೆನ್ನಾಗಿ ಕೇಳುತ್ತೆ ಅಂತ ನೋಡೇ ಬಿಡೋಣ." ಖಾಲಿ ಹಾಲಿನಲ್ಲಿ ಅವರು ಬೋರ್ಡಿನ ಹತ್ತಿರ ನಿಂತು, ಬೆಳಿಗ್ಗೆ ಏನು ತಿಂಡಿ ತಿಂದರು, ಬಸ್ಸು ಎಷ್ಟು ತಡವಾಯಿತು ಎಂದು ಹೇಳುತ್ತ ಹೋದರು. ನಾನು ಬೆಂಚಿನಿಂದ ಬೆಂಚಿಗೆ ಬದಲಾಯಿಸುತ್ತ ಬಂದೆ. ಮೊದಲ ಸಾಲಿನಲ್ಲಿ, ಎಡಗಡೆಯ ಗೋಡೆಗೆ ಒತ್ತಿಕೊಂಡು ಕೂತಾಗ ಬಲಗಿವಿ ಪೂರ್ತಿ ಅವರ ಕಡೆಗಿತ್ತು.

"ಉಪ್ಪಿಟ್ಟು, ಮೇಡಂ. ಉಪ್ಪು ಕಮ್ಮಿ ಇತ್ತಂತೆ," ಎಂದೆ. ಅವರು ಗಟ್ಟಿಯಾಗಿ ನಕ್ಕರು.

ಮಾರನೆ ದಿನದಿಂದ ಅವರು ಮೊದಲು ಬೋರ್ಡಿನ ಮೇಲೆ ಬರೆದು, ಆಮೇಲೆ ನಮ್ಮ ಕಡೆ ತಿರುಗಿ ಮಾತಾಡತೊಡಗಿದರು. ಈಗ ಪಾಠ ಅರ್ಥವಾಗುತ್ತಿದೆ ಎಂದು ಹಿಂದಿನ ಸಾಲಿನವರೂ ಹೇಳಿದರು. ನಾನು ಸಿಕ್ಕಿದ್ದೆಲ್ಲ ಗೀಚುವುದನ್ನು ಬಿಟ್ಟೆ. ಕೇಳಿ, ಅರ್ಥವಾದದ್ದನ್ನಷ್ಟೇ ನನ್ನ ಕನ್ನಡದಲ್ಲಿ ಎರಡು ಸಾಲು ಬರೆದುಕೊಳ್ಳುತ್ತಿದ್ದೆ.

ಬೆಲೆ ಏರಿದರೆ ಪೂರೈಕೆಯೂ ಏರುತ್ತದೆ ಎಂದು ಮೇಡಂ ಗೆರೆ ಎಳೆದ ದಿನ ನನ್ನ ಕೈ ತಾನಾಗಿ ಮೇಲೆದ್ದಿತು. "ಮೇಡಂ, ಕಬ್ಬು ನೆಟ್ಟಾದ ಮೇಲೆ ಬೆಲೆ ಏರಿದ್ರೆ? ಗದ್ದೆಯಲ್ಲಿ ಇರೋದು ಅಷ್ಟೇ ಅಲ್ವಾ?"

ಅವರು ಗೆರೆಯನ್ನು ಅರ್ಧ ಅಳಿಸಿದರು. "ಇವತ್ತು ಇನ್ನೇನೂ ಬೇಡ, ಇದನ್ನೇ ನೋಡೋಣ," ಎಂದು ಹೊಸ ಗೆರೆ ಎಳೆಯತೊಡಗಿದರು. ನಾನು ಪೆನ್ನು ಕೆಳಗಿಟ್ಟು ಕೇಳುತ್ತ ಕೂತೆ.