ಅಳಿಸಲಾಗದ ಅಳಿಯ

ಹೋಟೆಲಿನ ಕೋಣೆಯಲ್ಲಿ ನಿನ್ನೆ ಯಾರೋ ಮಲಗಿದ್ದರು ಎನ್ನುವುದು ಇವತ್ತು ಬರುವವರಿಗೆ ಗೊತ್ತಾಗಬಾರದು. ಅತ್ತೆಯವರು ಮದುವೆಗೆ ಮುಂಚಿನಿಂದ ನಿವೃತ್ತಿಯವರೆಗೆ ಮಾಡಿದ್ದು ಇದೊಂದೇ ಕೆಲಸ. ದಿಂಬಿನ ಮೇಲಿನ ಒಂದೆಳೆ ಕೂದಲು, ಲೋಟದ ಅಂಚಿನ ತುಟಿಯ ಗುರುತು, ಕನ್ನಡಿಗೆ ಸಿಡಿದ ಪೇಸ್ಟಿನ ಚುಕ್ಕೆ, ಯಾವುದೂ ಅವರ ಕಣ್ಣು ತಪ್ಪಿಸಿ ಬದುಕಿದ್ದಿಲ್ಲ. "ಇವರನ್ನ ನೋಡಿ ಕಲೀರಿ, ಕೊಲೆ ನಡೆದ ರೂಮನ್ನೂ ಮಧ್ಯಾಹ್ನದೊಳಗೆ ಬಾಡಿಗೆಗೆ ರೆಡಿ ಮಾಡ್ತಾರೆ" ಎಂದು ಮ್ಯಾನೇಜರು ಹೊಸ ಹುಡುಗಿಯರಿಗೆ ಹೇಳುತ್ತಿದ್ದ. ಅಲ್ಲಿ ಕೊಲೆಗಿಲೆ ಏನೂ ನಡೆದಿರಲಿಲ್ಲ. ಆದರೂ ಅತ್ತೆಯವರು ಆ ಮಾತನ್ನು ಪದಕದಂತೆ ಜೋಪಾನ ಮಾಡಿಕೊಂಡಿದ್ದರು.

ಇಂಥವರಿಗೆ ಅಳಿಯನಾಗಿ ಬಂದವನು ಹೊರದೇಶದವನು, ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹುಡುಗ ಒಳ್ಳೆಯವನೇ, ಆದರೆ ನಿಂತಲ್ಲೆಲ್ಲ ಏನಾದರೊಂದು ಉದುರಿಸಿ ಹೋಗುವ ಗಿಡದ ಜಾತಿ. ಒಂದು ಕಾಲುಚೀಲ ಸೋಫಾದ ಕೆಳಗೆ ಸಿಕ್ಕಿದರೆ ಅದರ ಜೋಡಿ ಫ್ರಿಜ್ಜಿನ ಮೇಲೆ ಸಿಗುತ್ತಿತ್ತು.

"ನಿನ್ನ ಗಂಡ ನಡೀತಾನೋ, ಎಲೆ ಉದುರಿಸ್ತಾನೋ?" ಎಂದು ಅತ್ತೆಯವರು ಮಗಳನ್ನು ಕೇಳುತ್ತಿದ್ದರು.

"ಅಮ್ಮಾ, ಇದು ಹೋಟೆಲ್ ಅಲ್ಲ, ಮನೆ."

"ಹೋಟೆಲ್ ಆಗಿದ್ರೆ ಇಷ್ಟೊತ್ತಿಗೆ ರೂಮ್ ಖಾಲಿ ಮಾಡಿಸಿರ್ತಿದ್ದೆ."

ಖಾಲಿ ಮಾಡಿಸುವ ಕೆಲಸವನ್ನು ಈಗ ಸರ್ಕಾರವೇ ಕೈಗೆತ್ತಿಕೊಳ್ಳುವ ಹಾಗಿತ್ತು. ಮದುವೆಯ ಆಧಾರದ ಮೇಲೆ ಅವನಿಗೆ ಸಿಕ್ಕಿದ್ದ ವಾಸದ ಪರವಾನಗಿಯ ಅವಧಿ ಮುಗಿಯುತ್ತ ಬಂದಿತ್ತು. ಅದನ್ನು ನವೀಕರಿಸುವ ಮೊದಲು ವಿದೇಶಿಯರ ಕಚೇರಿಯ ಅಧಿಕಾರಿಯೊಬ್ಬ ಮನೆಗೆ ಬಂದು, ಗಂಡಹೆಂಡತಿ ನಿಜವಾಗಿಯೂ ಒಂದೇ ಸೂರಿನಡಿ ಇದ್ದಾರೋ ಅಥವಾ ಕಾಗದದ ಮೇಲೆ ಮಾತ್ರ ಸಂಸಾರ ಮಾಡುತ್ತಿದ್ದಾರೋ ಎಂದು ನೋಡಿಕೊಂಡು ಹೋಗುವುದು ನಿಯಮ. ಅವನು ಹೌದೆಂದು ಬರೆದರೆ ಅಳಿಯ ಇಲ್ಲಿ, ಇಲ್ಲವೆಂದು ಬರೆದರೆ ಅಳಿಯ ವಿಮಾನದಲ್ಲಿ.

"ಅವನು ಹೊರಟ್ರೆ ನಾನೂ ಹೊರಟೆ" ಎಂದಿದ್ದಳು ಮಗಳು. ಅತ್ತೆಯವರು ಆಗಷ್ಟೇ ಒರೆಸಿದ್ದ ಒಲೆಯನ್ನು ಮತ್ತೊಮ್ಮೆ ಒರೆಸಿದರು.

ಅಧಿಕಾರಿ ಈ ವಾರ ಯಾವತ್ತಾದರೂ ಬರಬಹುದು ಎಂದು ಕಚೇರಿಯಿಂದ ಫೋನ್ ಬಂತು. ಮರುದಿನ ಮಗಳು, ಅಳಿಯ ಕೆಲಸಕ್ಕೆ ಹೊರಟದ್ದೇ ತಡ, ಅತ್ತೆಯವರು ತೋಳೇರಿಸಿದರು. ಸರ್ಕಾರ ಮೆಟ್ಟಿಲು ಹತ್ತಿ ಬರುವಾಗ ಮನೆ ಕೊಂಪೆಯಂತಿದ್ದರೆ ಯಾರಿಗೆ ಅವಮಾನ? ಅಳಿಯನ ಸುಕ್ಕು ಅಂಗಿಗಳು, ಗ್ರೀಸು ಮೆತ್ತಿದ ಬೂಟುಗಳು, ಗಡ್ಡದ ಸಾಮಾನು, ಹಲ್ಲು ಕಿರಿದ ಬ್ರಷ್ಷು, ಎಲ್ಲವನ್ನೂ ಎರಡು ಚೀಲಗಳಿಗೆ ತುರುಕಿ ಮಹಡಿ ಮನೆಯಾಕೆಯ ಕೈಗೆ ದಾಟಿಸಿದರು. ಆಕೆ ಅವನ್ನು ಒಳಗಿಟ್ಟು, ಬೀಗ ಹಾಕಿಕೊಂಡು ಆಫೀಸಿಗೆ ಹೋದಳು. ಆಮೇಲೆ ಅತ್ತೆಯವರು ಹಾಸಿಗೆಯ ಹೊದಿಕೆಯನ್ನು ತಮಟೆಯಂತೆ ಬಿಗಿದು, ಸ್ನಾನದ ಮನೆಗೆ ಹೊಸ ಸೋಪಿಟ್ಟು, ಟಾಯ್ಲೆಟ್ ಪೇಪರಿನ ತುದಿಯನ್ನು ಹಳೆಯ ಅಭ್ಯಾಸದಂತೆ ತ್ರಿಕೋನವಾಗಿ ಮಡಚಿದರು. ಹನ್ನೊಂದರ ಹೊತ್ತಿಗೆ ಅತ್ತೆ ಅಳಿಯನನ್ನು ಪೂರ್ತಿ ಅಳಿಸಿಹಾಕಿದ್ದರು.

ಅಧಿಕಾರಿ ಅವತ್ತೇ ಬಂದ. ಗಿಡ್ಡ ಆಸಾಮಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಚಹಾ ಕುಡಿದು, ಕೋಣೆ ಕೋಣೆ ನೋಡಿದ, ಬೀರು ತೆಗೆದ, ತ್ರಿಕೋನದ ಮುಂದೆ ಸ್ವಲ್ಪ ಹೊತ್ತು ನಿಂತ.

"ನಿಮ್ಮ ಅಳಿಯ ಹೇಗೆ?"

"ಚಿನ್ನದಂಥ ಹುಡುಗ ಸಾರ್. ತುಂಬಾ ಶಿಸ್ತು. ತನ್ನ ಬಟ್ಟೆ ತಾನೇ ಮಡಚಿ ಇಟ್ಕೋತಾನೆ."

"ಎಲ್ಲಿ ಇಟ್ಕೋತಾರೆ?"

ಅತ್ತೆಯವರು ಬೀರುವಿನಲ್ಲಿ ಅಳಿಯನ ಖಾಲಿ ಅರೆಗಳನ್ನು ನೋಡಿದರು. ಕಾಲ ಕೆಳಗಿನ ನೆಲ ಜಾರಿದಂತಾಯಿತು, ಅದಕ್ಕೆ ಪಾಲಿಶ್ ಹಾಕಿದ್ದವರೂ ಅವರೇ. "ಅದು... ಚೀಲದಲ್ಲಿದೆ ಸಾರ್. ಮಹಡಿ ಮನೇಲಿ. ಅವರು ಬೀಗ ಹಾಕ್ಕೊಂಡು ಹೋಗಿದ್ದಾರೆ."

"ಎಲ್ಲರ ಮನೇಲೂ ಅಷ್ಟೇ ಅಮ್ಮ, ಸಾಕ್ಷಿ ಯಾವಾಗಲೂ ಬೀಗದೊಳಗೇ ಇರುತ್ತೆ." ಅವನು ಪೆನ್ನಿನ ಮುಚ್ಚಳ ತೆಗೆದ. "ವಾಸ ಇರೋ ಕಡೆ ವಾಸನೆಯಾದರೂ ಇರಬೇಕು. ಇಲ್ಲಿ ಫಿನಾಯಿಲ್ ಒಂದೇ ವಾಸ ಮಾಡ್ತಿರೋದು. ನಿಮ್ಮಳಿಯ ಬಿಡಿ, ನೀವೇ ಇಲ್ಲಿರ್ತೀರಿ ಅಂತ ಬರೆಯೋಕೆ ನನಗೆ ಧೈರ್ಯ ಇಲ್ಲ. ಮತ್ತೆ, ಮನೇಲಿರೋ ಅಳಿಯನ್ನ ಇಷ್ಟು ಹೊಗಳೋ ಅತ್ತೇನ ನಾನು ಈ ನೌಕರೀಲಿ ಇದುವರೆಗೂ ನೋಡಿಲ್ಲ."

ಪೆನ್ನು ಕಾಗದ ಮುಟ್ಟಿತು. ಮಗಳು ಪೆಟ್ಟಿಗೆ ಹಿಡಿದು ಮೆಟ್ಟಿಲು ಇಳಿಯುತ್ತಿರುವುದು ಅತ್ತೆಯವರ ಕಣ್ಣಿಗೆ ಕಟ್ಟಿತು.

"ಶಿಸ್ತಂತೆ ಶಿಸ್ತು!" ಅವರ ಬಾಯಿಂದ ಹೊರಬಿದ್ದೇ ಬಿಟ್ಟಿತು. "ಒದ್ದೆ ಟವೆಲ್ ಹಾಸಿಗೆ ಮೇಲೆ ಎಸೀತಾನೆ ಸಾರ್. ಕೇಳಿದ್ರೆ 'ಒಣಗುತ್ತೆ ಬಿಡಿ ಅತ್ತೆ' ಅಂತಾನೆ. ಹಾಸಿಗೆ ಯಾರು ಒಣಗಿಸ್ತಾರೆ? ಅವರಪ್ಪಾನಾ? ಸ್ಕ್ರೂಡ್ರೈವರ್ ಚಮಚದ ಡಬ್ಬಿಗೆ ಹಾಕ್ತಾನೆ. ಮೊನ್ನೆ ಅದರಲ್ಲೇ ಸಕ್ಕರೆ ಕಲಸ್ತಿದ್ದೆ. ಇನ್ನು ಇದು ನೋಡಿ. ಬನ್ನಿ, ನೋಡಿ ಇಲ್ಲಿ!"

ಕುರ್ಚಿಯ ಹಿಂದಿನ ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಯಾಕೋ ಹೊಂದದ ಜಾಗದಲ್ಲಿ ನೇತಾಡುತ್ತಿತ್ತು. ಅತ್ತೆಯವರು ಅದನ್ನು ಕಿತ್ತು ತೆಗೆದರು. ಅದರಡಿ ಕುಂಬಳಕಾಯಿ ಗಾತ್ರದ ಎಣ್ಣೆಯ ಕಲೆ.

"ದಿನಾ ಬಂದು ಇಲ್ಲಿ ಕೂತು ತಲೆ ಒರಗಿಸ್ತಾನೆ. ಸೋಡಾ ಹಾಕಿದೆ, ಸುಣ್ಣ ಹಾಕಿದೆ, ಹೋಟೆಲಿಂದ ಔಷಧಿ ತರಿಸಿ ಉಜ್ಜಿದೆ. ನನ್ನ ಜನ್ಮದಲ್ಲಿ ನನ್ನ ಕೈಲಿ ತೆಗೆಯೋಕಾಗದ ಕಲೆ ಅಂದ್ರೆ ಇದೊಂದೇ ಸಾರ್!" ಈ ಸೋಲನ್ನು ಅವರು ಹೊರಗಿನವರ ಮುಂದೆ ಒಪ್ಪಿಕೊಂಡದ್ದು ಅದೇ ಮೊದಲು. ಕಣ್ಣಲ್ಲಿ ನೀರೂ ಬಂತು.

ಅಧಿಕಾರಿ ಕಲೆಯನ್ನು ಬೆರಳಲ್ಲಿ ಮುಟ್ಟಿ, ಮೂಸಿ ನೋಡಿದ. ಆಮೇಲೆ ಕುರ್ಚಿಯಲ್ಲಿ ಕೂತು ತಲೆ ಒರಗಿಸಿದ. ಕಲೆ ಅವನ ನೆತ್ತಿಗಿಂತ ಒಂದು ಗೇಣು ಮೇಲಿತ್ತು.

"ಮಗಳು ಎಷ್ಟು ಎತ್ತರ ಅಮ್ಮ?"

"ನನ್ನಷ್ಟೇ. ನಿಮ್ಮ ಭುಜಕ್ಕೆ ಬರ್ತಾಳೆ."

ಅವನು ಅರ್ಜಿಯಲ್ಲಿದ್ದ ಅಳಿಯನ ಎತ್ತರ ನೋಡಿದ, ಗೋಡೆ ನೋಡಿದ, ನಕ್ಕ. "ಒಂದು ದಿನ ಬಂದು ಹೋಗೋ ಗಂಡನಿಗೆ ಇಷ್ಟು ಎಣ್ಣೆ ಮೆತ್ತೋಕಾಗಲ್ಲ. ಇದಕ್ಕೆ ವರ್ಷಗಟ್ಟಲೆ ಕೂರಬೇಕು." ಬರೆಯುತ್ತಲೇ ಹೇಳಿದ: "ಮುಂದಿನ ಸಲ ಹೇಳದೇ ಬರ್ತೀವಿ. ದಯವಿಟ್ಟು ಗುಡಿಸಬೇಡಿ."

"ಗುಡಿಸದೇ ಹೇಗೆ ಸಾರ್ ಇರೋದು?"

ಅವನು ಕೆಳಗಿನ ಬಾಗಿಲು ತಲುಪುವಷ್ಟರಲ್ಲಿ ಅತ್ತೆಯವರು ಅವನ ಚಹಾ ಲೋಟ ತೊಳೆದು, ಕುರ್ಚಿಯ ದಿಂಬನ್ನು ತಟ್ಟಿ ಉಬ್ಬಿಸಿ, ಬೂಟಿನ ಗುರುತುಗಳನ್ನು ಬಾಗಿಲವರೆಗೆ ಬೆನ್ನಟ್ಟಿ ಒರೆಸಿದ್ದರು. ಸಂಜೆ ಮಗಳು ಮನೆಯೆಲ್ಲ ಸುತ್ತಿ ನೋಡಿ, "ನಿಜವಾಗ್ಲೂ ಬಂದಿದ್ರಾ? ಯಾರೂ ಬಂದ ಹಾಗೇ ಇಲ್ವಲ್ಲಮ್ಮ" ಎಂದಳು.

ಅಳಿಯ ಮಾತ್ರ ಕುರ್ಚಿಯ ಹತ್ತಿರ ನಿಂತುಬಿಟ್ಟಿದ್ದ. ಬಯಲಾದ ಕಲೆಯನ್ನು ನೋಡಿ, ಸೋಫಾದ ಕಡೆಗೆ ಮೆಲ್ಲಗೆ ಜಾರುವುದರಲ್ಲಿದ್ದ.

"ಎಲ್ಲಿಗೆ ಹೊರಟೆ?" ಎಂದರು ಅತ್ತೆಯವರು. "ಕೂತ್ಕೋ ಅಲ್ಲೇ. ತಲೆ ಒರಗಿಸು."

ಅವನು ಹೆದರುತ್ತಲೇ ಒರಗಿದ. ಮುಂದಿನ ತಿಂಗಳು ಹೊಸ ಪರವಾನಗಿ ಬಂತು. ಮನೆಗೆ ಬಣ್ಣ ಬಳಿಸಿದಾಗ ಅತ್ತೆಯವರು ಕೂಲಿಯವನ ಪಕ್ಕದಲ್ಲೇ ನಿಂತು, ಆ ಒಂದು ಕುಂಬಳಕಾಯಿಯಷ್ಟು ಜಾಗವನ್ನು ಬಣ್ಣ ಹಚ್ಚದೆ ಹಾಗೇ ಬಿಡಿಸಿದರು.