ಹಂಸಳ ಕಾರಿನ ಮೊದಲನೇ ಗೇರ್

ಬೆಳಕು ಹರಿಯುವ ಮುಂಚೆ ಹಂಸ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇಷ್ಟು. ಮೋಟರ್ ಹಾಕಿ ಸಂಪು ತುಂಬಿಸುವುದು. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುವುದು. ಅತ್ತೆ ಅಕ್ಕಯಮ್ಮನ ಸ್ನಾನಕ್ಕೆ ಹಂಡೆ ಒಲೆ ಹಚ್ಚುವುದು. ಗಂಡ ಶ್ರೀನಾಥನ ಫಸ್ಟ್ ಶಿಫ್ಟಿಗೆ ಡಬ್ಬಿ, ಮೈದುನ ಮುನಿರಾಜನಿಗೆ ಸಕ್ಕರೆ ಕಡಿಮೆ ಕಾಫಿ, ಮಗಳು ಸುಕನ್ಯಳ ಯೂನಿಫಾರ್ಮಿಗೆ ಇಸ್ತ್ರಿ. ಹಿಂದಿನ ಸಂಜೆ ರುಬ್ಬಿಟ್ಟ ದೋಸೆ ಹಿಟ್ಟಿಗೆ ಒಂದು ಸಲ ಕೈಯಾಡಿಸಿ, ನಾಲ್ಕು ಸ್ಟೀಲ್ ಡಬರಿಗೆ ಸುರಿದು, ಮುಚ್ಚಳದ ಮೇಲೆ ಹಳೇ ಸೀರೆಯ ತುಂಡು ಬಿಗಿಯಾಗಿ ಕಟ್ಟುವುದು. ಕೊನೆಗೆ, ಹಿಂದೆ ಹಸು ಕಟ್ಟುತ್ತಿದ್ದ ಕೊಟ್ಟಿಗೆಯಿಂದ ಹಸಿರು ಬಣ್ಣದ ಸ್ಪೋರ್ಟ್ಸ್ ಕಾರನ್ನು ಹೊರಗೆ ತೆಗೆಯುವುದು.

ಮಹದೇವಪುರಕ್ಕೆ ಹೊಸದಾಗಿ ಬಾಡಿಗೆಗೆ ಬಂದವರು ಈ ಕೊನೆಯ ಕೆಲಸವನ್ನು ನೋಡಲೆಂದೇ ಒಮ್ಮೆಯಾದರೂ ಬೇಗ ಏಳುತ್ತಿದ್ದರು. ಟಾಪು ಮಡಿಚಿಟ್ಟ, ಎರಡೇ ಸೀಟಿನ ಇಂಗ್ಲೆಂಡಿನ ಕಾರು. ಓಡಿಸುವ ಸೀಟಿನಲ್ಲಿ ಸ್ವೆಟರ್ ಮೇಲೆ ಸೆರಗು ಸಿಕ್ಕಿಸಿದ ಹಂಸ. ಪಕ್ಕದ ಸೀಟಿನಲ್ಲಿ ಎರಡು ಡಬರಿ ಹಿಟ್ಟು, ಅದರ ಕೆಳಗೆ ಕಾಲಿಡುವ ಜಾಗದಲ್ಲಿ ಇನ್ನೆರಡು.

ಕಾರು ಅವಳ ಅಪ್ಪ ದೊಡ್ಡಮುನಿಯಪ್ಪನದು. ಅವನು ಶಿವಾಜಿನಗರದ ಗ್ಯಾರೇಜೊಂದರಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದ. ಹಲಸೂರಿನಲ್ಲಿದ್ದ ಒಬ್ಬ ಮುದುಕಿ ಟೀಚರಮ್ಮ ಮನೆ ಖಾಲಿ ಮಾಡಿ ಪರದೇಶಕ್ಕೆ ಹೊರಟಾಗ, ಇದರ ಸ್ವಭಾವ ತಿಳಿದವನು ನೀನೊಬ್ಬನೇ ಎಂದು ಕಾರನ್ನು ಅವನ ಕೈಗೇ ಬಿಟ್ಟು ಹೋಗಿದ್ದಳು. ತೊಂಬತ್ತೆರಡರಲ್ಲಿ ಹಂಸಳ ಮದುವೆಯಾಯಿತು. ಹೆಣ್ಣು ಕೊಟ್ಟವರೆಲ್ಲ ಅಳಿಯನಿಗೆ ಬೈಕು ಕೊಡುತ್ತಿದ್ದ ಕಾಲ. ದೊಡ್ಡಮುನಿಯಪ್ಪ ಕಾರು ಕೊಟ್ಟ, ಅದೂ ಮಗಳ ಹೆಸರಿಗೆ. "ಏಳು ಜನ ಇರೋ ಮನೆಗೆ ಎರಡು ಸೀಟಿನ ಕಾರಾ? ಮಿಕ್ಕೋರು ಬಾನೆಟ್ ಮೇಲೆ ಕೂತ್ಕೊಂಡು ಹೋಗ್ಬೇಕಾ?" ಎಂದು ಗಂಡಿನ ಕಡೆಯವರು ಮದುವೆಮನೆಯಲ್ಲೇ ನಗಾಡಿದರು.

ಆ ಕಾರಿನ ಮೊದಲನೇ ಗೇರ್ ಮಹಾ ಹಟಮಾರಿ. ಗಾಡಿ ಪೂರ್ತಿ ನಿಂತರೆ ಮಾತ್ರ ಸಲೀಸಾಗಿ ಬೀಳುತ್ತಿತ್ತು. ಉರುಳುತ್ತಿರುವಾಗಲೇ ಹಾಕಬೇಕಾದರೆ ಕ್ಲಚ್ ಒಂದು ಸಲ ಒತ್ತಿ, ಗೇರ್ ತೆಗೆದು, ಕ್ಲಚ್ ಬಿಟ್ಟು, ಕೊಂಚ ಆಕ್ಸಿಲರೇಟರ್ ಕೊಟ್ಟು, ಮತ್ತೆ ಒತ್ತಬೇಕು. ಹದಿನೆಂಟರ ಹುಡುಗಿಗೆ ಅಪ್ಪ ಇದನ್ನು ಹೇಳಿಕೊಟ್ಟದ್ದು ಮುದ್ದೆಯ ಲೆಕ್ಕದಲ್ಲಿ. "ರಾಗಿ ಹಿಟ್ಟು ಹಾಕಿದ್ ತಕ್ಷಣ ಕೋಲು ಆಡಿಸ್ತೀಯೇನಮ್ಮ? ಒಂದು ಉಸಿರು ಬಿಡ್ತೀಯ, ಆಮೇಲೆ ತಿರುವ್ತೀಯ. ಇದೂ ಅಷ್ಟೆ. ಆತುರ ಬಿದ್ರೆ ಗಂಟು." ಹಂಸ ಮೂರೇ ದಿನದಲ್ಲಿ ಕಲಿತಳು.

ಮದುವೆಯಾದ ಹೊಸತರಲ್ಲಿ ಶ್ರೀನಾಥನೂ ಮುನಿರಾಜನೂ ಸರದಿಯಂತೆ ಪ್ರಯತ್ನಿಸಿದ್ದರು. ಉರುಳುವಾಗಲೇ ಗೇರ್ ಹಾಕಹೋಗಿ ಅದು ಕಿರುಚಿದ ಸದ್ದಿಗೆ ಬೀದಿ ನಾಯಿಗಳು ಬೊಗಳಿದವು. ಶ್ರೀನಾಥ ಗೇಟಿನವರೆಗೆ ಹೋಗಿ, ಇಳಿದು, ಹಣೆ ಒರೆಸಿಕೊಂಡು, "ಇದು ನಿಮ್ಮಪ್ಪನ ಮನೆ ಕಾರು ಕಣೆ, ನಿನ್ನ ಮಾತೇ ಕೇಳೋದು" ಎಂದ. ಅಲ್ಲಿಗೆ ಮುಗಿಯಿತು. ಕಾರಿನ ಇನ್ನೊಂದು ಕೀ ಬಾಗಿಲ ಪಕ್ಕದ ಮೊಳೆಯಲ್ಲಿ ಎಲ್ಲರ ಕೈಗೆ ಸಿಗುವಂತೆ ಹನ್ನೆರಡು ವರ್ಷ ತೂಗಿತು. ಯಾರೂ ಮುಟ್ಟಲಿಲ್ಲ.

ಹಂಸ ಆ ಕಾರಿನಲ್ಲೇ ಹೊಸ ತಿಪ್ಪಸಂದ್ರದ ಮೂರು ಅಂಗಡಿಗಳಿಗೆ ಹಿಟ್ಟು ಹಾಕತೊಡಗಿದಳು. ಗೇರ್‌ಬಾಕ್ಸಿನ ಮೇಲಿನ ತಗಡಿನ ಉಬ್ಬು ಓಡುತ್ತಾ ಬೆಚ್ಚಗಾಗುತ್ತಿತ್ತು. ಧನುರ್ಮಾಸದ ಚಳಿಗೆ ಮುದುಡಿ ಕೂತ ಹಿಟ್ಟಿನ ಡಬರಿಯನ್ನು ಅದಕ್ಕೆ ಒರಗಿಸಿಟ್ಟರೆ, ಮಾರ್ಕೆಟ್ ರಸ್ತೆ ಮುಟ್ಟುವಷ್ಟರಲ್ಲಿ ಹಿಟ್ಟು ಸ್ವಲ್ಪ ತಲೆ ಎತ್ತಿರುತ್ತಿತ್ತು. ವಾಪಸು ಬರುವಾಗ ಒಂದು ಹೊಂಗೆ ಮರದ ಕೆಳಗೆ ಕಾರು ನಿಲ್ಲಿಸಿ, ಕಾರಲ್ಲೇ ಕೂತು ಒಂದು ಟೀ ಕುಡಿಯುತ್ತಿದ್ದಳು. ಆ ಹತ್ತು ನಿಮಿಷ ಅವಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಮನೆಯಲ್ಲಿ ಹೇಳುತ್ತಿದ್ದದ್ದು ಟಿನ್ ಫ್ಯಾಕ್ಟರಿ ಸರ್ಕಲ್ ಹತ್ತಿರ ಜಾಮ್ ಅಂತ.

ನಿಜವಾದ ಜಾಮ್ ಆಮೇಲೆ ಬಂತು. ರಿಂಗ್ ರೋಡಿನುದ್ದಕ್ಕೂ ಕಂಪನಿಗಳು ಎದ್ದವು, ಬೆಳಗ್ಗೆ ಏಳಕ್ಕೇ ಕ್ಯಾಬುಗಳು ಒಂದರ ಬೆನ್ನಿಗೊಂದು ತೆವಳತೊಡಗಿದವು. ಮೊದಲೆಲ್ಲ ಮನೆ ಬಿಡುವಾಗ ಒಮ್ಮೆ ಹಾಕಿದರೆ ಸಾಕಾಗಿದ್ದ ಮೊದಲನೇ ಗೇರನ್ನು ಈಗ ನೂರು ಸಲ ಹಾಕಬೇಕಾಯಿತು. ಒಂದೊಂದು ಸಲಕ್ಕೂ ಎರಡೆರಡು ಬಾರಿ ಕ್ಲಚ್. ಎಡ ಮಂಡಿ ಊದಿಕೊಂಡಿತು. ಎರಡು ಸಾವಿರದ ನಾಲ್ಕರ ಒಂದು ಬೆಳಗ್ಗೆ, ಖಾಲಿ ಡಬರಿಗಳೊಂದಿಗೆ ಮರಳುವಾಗ, ಟಿನ್ ಫ್ಯಾಕ್ಟರಿ ಎದುರಿಗೇ ಗೇರ್‌ಬಾಕ್ಸ್ ಕಟಕಟ ಎಂದು ಹಲ್ಲು ಕಡಿದು ನಿಂತುಬಿಟ್ಟಿತು.

ಕಾರನ್ನು ಎಳೆಸಿಕೊಂಡು ಹೋಗಿ ಬಿಟ್ಟದ್ದು ಶಿವಾಜಿನಗರದ ಚಾಂದ್ ಪಾಷಾನ ಗ್ಯಾರೇಜಿಗೆ. ತೀರಿಹೋದ ಅಪ್ಪನ ಜೊತೆ ಕೆಲಸ ಮಾಡಿದವನು, ಹಂಸಳಿಗೆ ಚಾಚಾ.

"ಬೇಟಿ, ಫಸ್ಟ್ ಗೇರ್‌ದು ಹಲ್ಲು ಪೂರಾ ಹೋಗೈತೆ," ಎಂದ ಅವನು. "ಎರಡು ದಾರಿ ಐತೆ. ಗುಜರಿಲಿ ಇದ್ರದೇ ಜಾತಿದು ಒಂದು ಹಳೇ ಗೇರ್ ಡಬ್ಬ ಸಿಕ್ಕೈತೆ, ಅದ್ರ ಗೇರು ತೆಗ್ದು ಇದ್ರೊಳಗೆ ಹಾಕಿದ್ರೆ ಗಾಡಿ ಮೊದ್ಲಿನ ತರಾನೇ. ಇಲ್ಲಾಂದ್ರೆ ಜಪಾನ್ ಗಾಡಿದು ಐದು ಗೇರಿಂದು ಕೂರಿಸ್ತೀನಿ. ಮಖ್ಖನ್! ಬೆಣ್ಣೆ ತರ, ಎರಡು ಬೆರಳಲ್ಲಿ ಹಾಕ್ಬೋದು. ಖರ್ಚು ಎರಡಕ್ಕೂ ಒಂದೇ. ಶುಕ್ರವಾರ ಹೇಳು."

ಮನೆಯಲ್ಲಿ ವಿಷಯ ತಿಳಿದದ್ದೇ ಹಬ್ಬವಾಯಿತು.

"ಐದು ಗೇರಾ! ಹಂಗಾದ್ರೆ ಭಾನುವಾರ ನಂದಿ ಬೆಟ್ಟಕ್ಕೆ ನಾನೇ ಓಡ್ಸೋದು ಅತ್ಗೆ. ಟಾಪ್ ತೆಗ್ದು, ಕನ್ನಡಕ ಹಾಕ್ಕೊಂಡು..." ಎಂದ ಮುನಿರಾಜ.

"ಕೂದ್ಲು ಇರೋರು ಟಾಪ್ ತೆಗೀಬೇಕು ಕಣೋ," ಎಂದ ಶ್ರೀನಾಥ. ಹಂಸಳ ಮಂಡಿಗೆ ಎಣ್ಣೆ ಉಜ್ಜುತ್ತಾ ಕೂತಿದ್ದ. ದಿನಾ ಸಂಜೆ ತಪ್ಪದೆ ಉಜ್ಜುತ್ತಿದ್ದ. "ಹೊಸಾದೇ ಹಾಕ್ಸು ಹಂಸ. ಶಿಫ್ಟಿಗೆ ನಾನೂ ತಗೊಂಡ್ ಹೋಗ್ಬೋದು. ನಿಂಗೂ ಕಾಲಿಗೆ ರೆಸ್ಟು."

"ಹಿಟ್ಟು?" ಎಂದಳು ಹಂಸ.

"ಆಟೋದಲ್ಲಿ ಹೋಗ್ಬಿಡು. ಆರಾಮಾಗಿ ಕೂತ್ಕೊಂಡು."

ಅವನು ಪ್ರೀತಿಯಿಂದಲೇ ಹೇಳಿದ್ದ. ಹಂಸ ಕಾಲು ಎಳೆದುಕೊಳ್ಳಲಿಲ್ಲ. ಕಿಟಕಿಯಾಚೆ ನಿಂತಿದ್ದ ಸ್ಕೂಟರನ್ನು ನೋಡಿದಳು. ಆರು ವರ್ಷದ ಹಿಂದೆ ತರಕಾರಿ, ರೇಷನ್ನಿಗೆ ಸುಲಭವಾಗಲಿ ಎಂದು ಕೊಂಡದ್ದು. ಗೇರೇ ಇಲ್ಲದ ಗಾಡಿ, ಯಾರು ಬೇಕಾದರೂ ಓಡಿಸಬಹುದು. ಹಾಗಾಗಿ ಅಣ್ಣ ತಮ್ಮ ಯಾರಾದರೊಬ್ಬರು ಓಡಿಸುತ್ತಲೇ ಇದ್ದರು. ತರಕಾರಿ ಮಾತ್ರ ಹಂಸಳ ಕೈಚೀಲದಲ್ಲಿ ನಡೆದೇ ಬರುತ್ತಿತ್ತು. ಈ ವಾರ ಹಿಟ್ಟೂ ಅಷ್ಟೆ: ಕೈಗೊಂದರಂತೆ ಎರಡು ಡಬರಿ, ಎರಡು ಸಲ ಬಸ್ಸು.

ಮಾರನೇ ದಿನ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಾ ಅಕ್ಕಯಮ್ಮ ತಾನಾಗಿಯೇ ಮಾತು ತೆಗೆದಳು.

"ಹಳೇ ಡಬ್ಬಾನೇ ಇರ್ಲಿ ಬುಡಮ್ಮಿ."

"ಮಂಡಿ ನೋಯುತ್ತೆ ಅತ್ತೆ."

"ನೋಯ್ತದೆ. ನಂಗೊತ್ತಿಲ್ವಾ? ಒರಳಲ್ಲಿ ರುಬ್ಬಿ ರುಬ್ಬಿ ನನ್ನ ರಟ್ಟೆ ಬಿದ್ದೋಯ್ತು. ಗ್ರೈಂಡರ್ ಬಂತು, ಕೆಲ್ಸ ಅರ್ಧ ಆಯ್ತದೆ ಅಂದ್ರು. ಯಾವನಾದ್ರೂ ಬಂದು ಸ್ವಿಚ್ ಹಾಕಿದ್ನಾ? ಹಬ್ಬಕ್ಕೊಂದ್ಸಲ ಇಡ್ಲಿ ತಿಂತಿದ್ದೋರು ದಿನಾ ಕೇಳಕ್ಕೆ ಶುರು ಮಾಡಿದ್ರು." ಅಕ್ಕಯಮ್ಮ ಒಂದು ಹುಳುಕು ಕಾಯಿಯನ್ನು ಕೋಳಿಯ ಕಡೆಗೆಸೆದಳು. "ಆ ಗೇರು ಕಿರುಚ್ಲಿ. ಕಿರುಚೋಗಂಟ ಇವ್ರು ಮುಟ್ಟಲ್ಲ. ನಿನ್ನ ಟೀನೂ ನಿಂಗೆ ಉಳೀತದೆ."

ಹಂಸಳ ಕೈ ನಿಂತಿತು. "ಯಾವ ಟೀ ಅತ್ತೆ?"

"ದಿನಾಲೂ ಸರ್ಯಾಗಿ ಹತ್ತೇ ನಿಮಿಷ ಜಾಮ್ ಆಗಕ್ಕೆ, ಅದೇನು ಕೊಳಾಯಿ ನೀರಾ?"

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಶುಕ್ರವಾರ ಹಂಸ ಒಬ್ಬಳೇ ಬಸ್ಸು ಹತ್ತಿದಳು. ಜೊತೆಗೆ ಬರುತ್ತೇನೆಂದ ಶ್ರೀನಾಥನಿಗೆ ಬೇಡವೆಂದಿದ್ದಳು. ಗ್ಯಾರೇಜಿನ ಮೇಜಿನ ಮೇಲೆ ಎರಡು ಗೇರ್‌ಬಾಕ್ಸುಗಳೂ ಅಕ್ಕಪಕ್ಕ ಕೂತಿದ್ದವು. ಅವಳ ಕಾರಿನಿಂದ ಬಿಚ್ಚಿಟ್ಟ ಹಳೆಯದು ಅಪ್ಪನ ಕೈಬೆರಳುಗಳ ಹಾಗೆ ಕಪ್ಪಗಿತ್ತು. ಅದರ ಮೇಲೆ ಅಂಗೈ ಇಟ್ಟಳು. ಅತ್ತೆಯ ಮಾತು ಸುಳ್ಳಾಗಿರಲಿಲ್ಲ. ಕೊಡಲಾರೆ, ಇದು ನನ್ನದು ಎಂದು ಮನೆಯಲ್ಲಿ ಅವಳು ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಹೇಳುವ ಪ್ರಸಂಗವೇ ಬಾರದಂತೆ ಹನ್ನೆರಡು ವರ್ಷ ಈ ಕಬ್ಬಿಣದ ಪೆಟ್ಟಿಗೆ ಅವಳ ಪರವಾಗಿ ಕಿರುಚಿಕೊಂಡು ಬಂದಿತ್ತು. ಅದು ಕಿರುಚಿದಾಗಲೆಲ್ಲ ಸವೆದದ್ದು ಮಾತ್ರ ಅವಳ ಮಂಡಿ.

"ಚಾಚಾ, ಹೊಸದು ಹಾಕಿದ್ರೆ ಮೇಲಿನ ತಗಡು ಬಿಸಿಯಾಗುತ್ತಾ?"

"ಯಾಕೆ ಬೇಟಿ?"

"ಹಿಟ್ಟು ಉಬ್ಬಬೇಕಲ್ಲ."

ಚಾಂದ್ ಪಾಷಾ ಬೀಡಿ ತೆಗೆದು ನಕ್ಕ. "ಐವತ್ತು ವರ್ಷದಲ್ಲಿ ಯಾವ ಸಾಹೇಬನೂ ನಂಗೆ ಈ ಸವಾಲು ಕೇಳಿಲ್ಲ. ಆಗುತ್ತೆ, ಆಗುತ್ತೆ. ಇಂಜಿನ್ನು ಅದೇ ಅಲ್ವಾ!"

"ಹಾಗಾದ್ರೆ ಐದು ಗೇರಿಂದೇ ಹಾಕಿ. ಹಳೇದನ್ನ ಗುಜರಿಗೆ ಕೊಡ್ಬೇಡಿ, ಮನೆಗೆ ತಗೊಂಡ್ ಹೋಗ್ತೀನಿ."

ಮನೆಗೆ ಬಂದಾಗ ಮಧ್ಯಾಹ್ನ ಎರಡು ಗಂಟೆ. ಅಕ್ಕಯಮ್ಮ ಮಲಗಿದ್ದಳು, ಬೇರೆ ಯಾರೂ ಇರಲಿಲ್ಲ. ಹಂಸ ಚಪ್ಪಲಿ ಬಿಡುವ ಮುಂಚೆಯೇ ಬಾಗಿಲ ಪಕ್ಕದ ಮೊಳೆಯಿಂದ ಕೀ ತೆಗೆದಳು. ತಾಳಿ ಸರದ ಪಿನ್ನಿನಲ್ಲಿದ್ದ ತನ್ನ ಕೀಯ ಜೊತೆಗೆ ಅದನ್ನೂ ಸಿಕ್ಕಿಸಿಕೊಂಡಳು. ಸಂಜೆ ಕೇಳುತ್ತಾರೆ. ಕೇಳಿದಾಗ ಹೇಳುವುದನ್ನು ಶಿವಾಜಿನಗರದಿಂದ ಬಸ್ಸಿನುದ್ದಕ್ಕೂ ಹೇಳಿಕೊಂಡೇ ಬಂದಿದ್ದಳು: ಬೆಟ್ಟಕ್ಕೆ ನಾನೇ ಕರ್ಕೊಂಡ್ ಹೋಗ್ತೀನಿ, ಒಬ್ಬೊಬ್ಬರನ್ನೇ. ಕೀ ಮಾತ್ರ ನನ್ನ ಹತ್ರ ಇರುತ್ತೆ.

ಮೊಳೆ ಖಾಲಿ ಕಂಡಿತು. ಅಡುಗೆಮನೆಯಿಂದ ತರಕಾರಿ ಚೀಲ ತಂದು, ಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಒಳಗೆ ಹಾಕಿ, ಸ್ಕೂಟರ್ ನಿಲ್ಲಿಸಿ ಒಳಬರುವವರ ಮುಖಕ್ಕೇ ತಾಗುವಂತೆ ಅದನ್ನು ಆ ಮೊಳೆಗೆ ತಗುಲಿಹಾಕಿದಳು.