ಬಿಡ್ತೀನಿ ಅನ್ನೋರ ಟೇಬಲ್ಲು

ಮೊಬೈಲ್ ಕಂಪನಿಯ ಆ ಆಫೀಸಿನಲ್ಲಿ ಜೇನಕ್ಕ ಕೂರುತ್ತಿದ್ದ ಸಾಲಿಗೆ ಬೋರ್ಡಿನ ಮೇಲೆ ಏನೋ ಉದ್ದನೆಯ ಹೆಸರಿತ್ತು. ಒಳಗಿನವರು ಮಾತ್ರ ಅದನ್ನು ‘ಬಿಡ್ತೀನಿ ಅನ್ನೋರ ಟೇಬಲ್ಲು’ ಎಂದೇ ಕರೆಯುತ್ತಿದ್ದರು. ಬಿಲ್ಲು ಜಾಸ್ತಿ ಬಂತು, ಸಿಗ್ನಲ್ ಸಿಗಲ್ಲ, ನಿನ್ನೆ ಮೊನ್ನೆ ಬಂದವರಿಗೆ ಅರ್ಧ ಬೆಲೆ ನಮಗೆ ಮಾತ್ರ ಪೂರ್ತಿ ಯಾಕೆ ಎಂದು ರೇಗಿ, ‘ನಿಮ್ಮ ಕಂಪನೀನೇ ಬಿಡ್ತೀನಿ’ ಎಂದವರ ಕರೆಗಳೆಲ್ಲ ಅಲ್ಲಿಗೆ ಬರುತ್ತಿದ್ದವು. ಬಂದವರನ್ನು ಹೋಗದ ಹಾಗೆ ನೋಡಿಕೊಳ್ಳುವುದೇ ಅವಳ ಕೆಲಸ. ಅವಳ ದನಿ ಹಾಗಿತ್ತು. ಎಂಥ ಸಿಟ್ಟಿನವರೂ ಎರಡು ಮಾತಿಗೆ ತಣ್ಣಗಾಗುತ್ತಿದ್ದರು. ಕಿರಿಯ ಹುಡುಗಿಯರು ಅವಳಿಗೆ ಜೇನಕ್ಕ ಎಂದು ಹೆಸರಿಟ್ಟದ್ದು ಅದಕ್ಕೇ. ಮನೆಯಲ್ಲಿ ಮಾತಿಗೆ ಮಾತು ಬೆಳೆದರೆ ಗಂಡ, ‘ನೋಡು, ಬೈಯೋದಾದ್ರೆ ನೇರವಾಗಿ ಬೈದುಬಿಡು, ಆ ಆಫೀಸಿನ ದನಿ ಮಾತ್ರ ತೆಗೀಬೇಡ’ ಎನ್ನುತ್ತಿದ್ದ. ಅವನು ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಬೈಗುಳ ಕೇಳಿ ಅಭ್ಯಾಸವಿತ್ತು, ಜೇನು ಅಭ್ಯಾಸವಿರಲಿಲ್ಲ.

ಆ ಟೇಬಲ್ಲಿಗೆ ಒಂದು ಲೆಕ್ಕಾಚಾರವಿತ್ತು. ಗಿರಾಕಿ ಮೊದಲ ಸಲ ‘ಬಿಡ್ತೀನಿ’ ಅಂದರೆ ಇಷ್ಟು ವರ್ಷ ಜೊತೆಗಿದ್ದದ್ದಕ್ಕೆ ಧನ್ಯವಾದ ಹೇಳಬೇಕು. ಎರಡನೇ ಸಲಕ್ಕೆ ಒಂದಿಷ್ಟು ಡೇಟಾ ಉಚಿತವಾಗಿ ಕೊಟ್ಟು ಮೂಗಿಗೆ ತುಪ್ಪ ಸವರಬೇಕು. ಮೂರನೇ ಸಲವೂ ಅಂದರೆ ಮಾತ್ರ ಬೆಲೆ ಇಳಿಸಬಹುದು. ಕೇಳದವರಿಗೆ ಏನೂ ಇಲ್ಲ. ವರ್ಷಗಟ್ಟಲೆ ಹಳೆಯ ದುಬಾರಿ ಪ್ಲಾನಿನಲ್ಲೇ ಇದ್ದು, ಏರಿಸಿದಷ್ಟು ಕಟ್ಟಿಕೊಂಡು, ಒಂದು ದೂರನ್ನೂ ಕೊಡದವರಿಗೆ ಆಫೀಸಿನಲ್ಲಿ ‘ಮಲಗಿದವರು’ ಎಂದು ಹೆಸರು. ಅವರನ್ನು ಎಬ್ಬಿಸಬೇಡಿ ಎಂದು ಪ್ರತಿ ಮೀಟಿಂಗಿನಲ್ಲೂ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಜೇನಕ್ಕನೂ ನಗುತ್ತಿದ್ದಳು. ಬೆಲೆ ಏರಿಸುವವರು ಮೇಲಿನ ಮಹಡಿಯವರು, ನಾನು ಇಳಿಸುವವಳು ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಆ ಸಮಾಧಾನದಲ್ಲೇ ಬಹಳ ವರ್ಷ ಕಳೆದಿತ್ತು.

ಅವಳನ್ನು ಸಾಕಿದವಳು ಚಿಕ್ಕಮ್ಮ. ತಾಯಿ ಹೋದಾಗ ಜೇನಕ್ಕನಿಗೆ ಜಡೆ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಚಿಕ್ಕಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಡ್‌ಶೀಟು ಮಡಿಸುತ್ತಿದ್ದಳು. ನಿಂತು ನಿಂತು ಮಂಡಿ ಸವೆದ ಮೇಲೆ ಈಗ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಜೇನಕ್ಕನಿಗೆ ಕೆಲಸ ಸಿಕ್ಕ ವಾರವೇ ಆಕೆ ತನ್ನ ಹಳೆಯ ಸಿಮ್ ಬಿಸಾಡಿ ಆ ಕಂಪನಿಯ ಸಿಮ್ ಹಾಕಿಸಿಕೊಂಡಿದ್ದಳು. ‘ನಮ್ಮ ಪುಟ್ಟಿ ಕಂಪನಿ’ ಎಂದು ಅಕ್ಕಪಕ್ಕದವರಿಗೂ ಹೇಳಿ ಹೇಳಿ ಹಾಕಿಸಿದ್ದಳು.

ಒಂದು ಭಾನುವಾರ ಜೇನಕ್ಕ ಹೋದಾಗ ಚಿಕ್ಕಮ್ಮನ ಮೇಜಿನ ಮೇಲೆ ಅಂಗೈಗಿಂತ ದೊಡ್ಡ ಹೊಸ ಫೋನು ಮಿರಮಿರ ಮಿಂಚುತ್ತಿತ್ತು.

‘ಇದು ಯಾರದು?’

‘ನಂದೇ ಕಣೇ. ನಿಮ್ಮ ಕಂಪನಿಯವರು ಕೊಟ್ರು,’ ಎಂದಳು ಚಿಕ್ಕಮ್ಮ. ‘ಹಳೇದು ಚಾರ್ಜ್ ಹಿಡೀತಿರಲಿಲ್ಲ, ಎಲ್ಲಿ ರಿಪೇರಿ ಮಾಡ್ತಾರೆ ಅಂತ ಕೇಳೋಕೆ ಫೋನ್ ಮಾಡಿದೆ. ಆ ಹುಡುಗಿ ಎಷ್ಟು ಚೆನ್ನಾಗಿ ಮಾತಾಡಿದ್ಲು ಅಂತೀಯ. ಥೇಟ್ ನಿನ್ನ ಥರಾನೇ. ಹಳೇ ಗಿರಾಕಿ ಅಂತ ಗೌರವಕ್ಕೆ ಕೊಡ್ತಿದ್ದೀವಿ ಅಂದ್ಲು.’

ಜೇನಕ್ಕ ಬಿಲ್ಲು ತೆಗೆಸಿ ನೋಡಿದಳು. ಗೌರವದ ಬೆಲೆ ಮೊದಲಿನ ಬಿಲ್ಲಿನ ಮೂರು ಪಟ್ಟಿನ ಹತ್ತಿರ ಹತ್ತಿರವಿತ್ತು. ಫೋನಿನ ಕಂತು, ಫೋನಿಗೆ ವಿಮೆ, ಚಿಕ್ಕಮ್ಮ ಎಂದೂ ನೋಡದ ಸಿನಿಮಾಗಳ ಚಂದಾ. ಎರಡು ವರ್ಷದ ಕಾಂಟ್ರಾಕ್ಟು. ನಡುವೆ ಬಿಟ್ಟರೆ ಉಳಿದ ಕಂತನ್ನೆಲ್ಲ ಒಟ್ಟಿಗೆ ಕಟ್ಟಬೇಕು. ವಾಪಸು ಕೊಡುವ ಗಡುವು ಹಿಂದಿನ ವಾರವೇ ಮುಗಿದಿತ್ತು. ಹಳೆಯ ಬಿಲ್ಲುಗಳನ್ನು ನೋಡಿದರೆ ಇನ್ನೂ ಸಂಕಟವಾಯಿತು. ಈಗ ಯಾರಿಗೂ ಮಾರದ ಅತಿ ಹಳೆಯ ಪ್ಲಾನು, ಪ್ರತಿ ವರ್ಷ ಸದ್ದಿಲ್ಲದೆ ಏರಿದ ಬೆಲೆ. ಮಲಗಿದವರ ಸಾಲಿನಲ್ಲಿ ತನ್ನ ಚಿಕ್ಕಮ್ಮನೇ ಇದ್ದಳು.

‘ಇಷ್ಟು ದಿನ ನನಗೊಂದು ಮಾತು ಹೇಳೋಕೆ ಏನಾಗಿತ್ತು?’

‘ನಿನ್ನ ಕಂಪನಿ ಮೇಲೆ ನಿನ್ನ ಹತ್ರಾನೇ ದೂರು ಹೇಳೋದಾ? ನಿನಗೆ ಮುಜುಗರ ಆಗಲ್ವಾ?’ ಎಂದಳು ಚಿಕ್ಕಮ್ಮ.

ಬಂಧುಗಳ ಖಾತೆಯನ್ನು ಮುಟ್ಟಿದರೆ ಕೆಲಸ ಹೋಗುತ್ತದೆ ಎಂಬುದು ಆಫೀಸಿನ ಮೊದಲ ಪಾಠ. ಹಾಗಾಗಿ ಜೇನಕ್ಕ ಚಿಕ್ಕಮ್ಮನಿಗೆ ಸಿಟ್ಟಾಗುವುದನ್ನು ಕಲಿಸಲು ಕೂತಳು. ‘ಬಿಡ್ತೀನಿ ಅನ್ನು. ಬೇರೇನೂ ಬೇಡ. ಅವರು ಏನೇ ಅಂದ್ರೂ ಬಿಡ್ತೀನಿ ಅಂತ ಒಂದೇ ಮಾತು.’ ಚಿಕ್ಕಮ್ಮ ಕನ್ನಡಿಯ ಮುಂದೆ ನಿಂತು ಹೇಳಿ ನೋಡಿದಳು. ಹಾಲಿನವನನ್ನು ಬೈದು ನೋಡು ಎಂದರೆ, ಅವನೇನು ಮಾಡಿದ್ದಾನೆ ಪಾಪ ಎಂದಳು. ಕೊನೆಗೆ ಹುಬ್ಬು ಗಂಟಿಕ್ಕಲು ಬಂತು. ದನಿ ಮಾತ್ರ ಗಂಟಿಕ್ಕಲಿಲ್ಲ.

ಸ್ಪೀಕರ್ ಹಾಕಿ ಫೋನ್ ಮಾಡಿದರು. ಸಂಗೀತ ಕೇಳಿ ಕೇಳಿ ಕಿವಿ ತೂತಾದ ಮೇಲೆ ಒಬ್ಬಳು ಹುಡುಗಿ ಸಿಕ್ಕಳು.

‘ನಮಸ್ಕಾರಮ್ಮ, ಊಟ ಆಯ್ತಾ?’ ಎಂದಳು ಚಿಕ್ಕಮ್ಮ.

ಜೇನಕ್ಕ ಹಣೆ ಚಚ್ಚಿಕೊಂಡಳು.

‘ಹೇಳಿ ಅಮ್ಮ, ಏನು ಸಹಾಯ ಮಾಡ್ಲಿ?’

‘ನಾನು… ನಿಮ್ಮ ಕಂಪನಿ ಬಿಡ್ತೀನಿ ಅಂತ ಹೇಳ್ಬೇಕಂತೆ.’

‘ಯಾರು ಹಾಗೆ ಹೇಳಿದ್ರಮ್ಮ?’

ಚಿಕ್ಕಮ್ಮ ಜೇನಕ್ಕನ ಮುಖ ನೋಡಿದಳು, ಫೋನು ನೋಡಿದಳು, ‘ಯಾರೂ ಇಲ್ಲಮ್ಮ, ತೊಂದರೆ ಕೊಟ್ಟೆ, ಏನೂ ತಿಳ್ಕೋಬೇಡ’ ಎಂದು ಕಟ್ ಮಾಡಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಚಿಕ್ಕಮ್ಮ ಕಣ್ಣೊರೆಸಿಕೊಂಡು, ‘ಹೋಗ್ಲಿ ಬಿಡು, ಔಷಧೀದು ಸ್ವಲ್ಪ ಹಿಡಿದು ಕಟ್ತೀನಿ’ ಎಂದಳು. ಜೇನಕ್ಕನ ನಗು ಅಲ್ಲಿಗೆ ನಿಂತಿತು.

‘ಆ ಫೋನು ಇಲ್ಲಿ ಕೊಡು’ ಎಂದಳು.

ದನಿ ಬದಲಿಸಿಕೊಂಡು, ಮುದುಕಿಯ ಹಾಗೆ ಎಳೆದು ಎಳೆದು ಮಾತಾಡುತ್ತ ತಾನೇ ಕರೆ ಮಾಡಿದಳು. ಹೆಸರು, ಹುಟ್ಟಿದ ದಿನ ಎಲ್ಲ ಚಿಕ್ಕಮ್ಮನದೇ ಹೇಳಿದಳು. ಮೊದಲು ಎತ್ತಿದವರಿಗೆ ‘ಬಿಡ್ತೀನಿ’ ಎಂದ ಕೂಡಲೇ ಕರೆ ಅವಳದೇ ಸಾಲಿಗೆ ಹೋಯಿತು. ಎತ್ತಿದವಳು ಕನ್ನಡಕದ ಹುಡುಗಿ. ಪಕ್ಕದ ಕುರ್ಚಿಯವಳು. ಅವಳಿಗೆ ಕೆಲಸ ಕಲಿಸಿದ್ದು ಜೇನಕ್ಕನೇ.

‘ಇಷ್ಟು ವರ್ಷ ಜೊತೇಲಿದ್ದೀರಿ ಅಮ್ಮ,’ ಎಂದಳು ಕನ್ನಡಕದ ಹುಡುಗಿ. ‘ನೀವು ಹೋಗ್ತೀನಿ ಅಂದ್ರೆ ನಮ್ಮ ಮನೆಯವರೇ ಮುನಿಸ್ಕೊಂಡು ಎದ್ದು ಹೋದ ಹಾಗಾಗುತ್ತೆ.’

ಆ ಮಾತನ್ನು ಹೊಸೆದವಳೇ ಜೇನಕ್ಕ. ಒಂದು ದಿನ ಬಾಯಿಗೆ ಬಂದದ್ದನ್ನು ಹೇಳಿದ್ದಳು, ಅದು ಕೆಲಸ ಮಾಡಿತ್ತು, ಮೇಲಿನವರು ಎಲ್ಲರ ಪರದೆಯ ಮೇಲೂ ಹಾಕಿಸಿದ್ದರು. ಎಷ್ಟು ಜನರಿಗೆ ಹೇಳಿದ್ದಳೋ ಲೆಕ್ಕವಿಲ್ಲ. ಇತ್ತ ಕಡೆಯಿಂದ ಕೇಳಿದ್ದು ಇದೇ ಮೊದಲು. ಕಿವಿಗೆ ಕಾದ ಎಣ್ಣೆ ಹೊಯ್ದ ಹಾಗಾಯಿತು.

‘ನಿಮ್ಮ ಮನೆಯವರಿಗೆ ಹೀಗೇ ಮಾಡ್ತೀರಾ? ಬಿಡ್ತೀನಿ,’ ಎಂದಳು ಎರಡನೇ ಸಲ.

‘ಒಂದಿಷ್ಟು ಡೇಟಾ ಹಾಕಿಕೊಡ್ತೀನಿ ಅಮ್ಮ…’

‘ಬೇಡ. ಬಿಡ್ತೀನಿ.’ ಮೂರನೇ ಸಲಕ್ಕೆ ಮುದುಕಿಯ ದನಿ ಎಲ್ಲಿ ಕಳಚಿ ಬಿತ್ತೋ ಅವಳಿಗೇ ಗೊತ್ತಾಗಲಿಲ್ಲ.

‘ಅಕ್ಕ?’ ಎಂದಳು ಹುಡುಗಿ, ಉಸಿರಿನಲ್ಲೇ. ಕೂಡಲೇ ದನಿ ಸರಿಮಾಡಿಕೊಂಡು, ‘ಕ್ಷಮಿಸಿ ಅಮ್ಮ, ಈ ಕರೆ ರೆಕಾರ್ಡ್ ಆಗ್ತಿದೆ. ಕಾಂಟ್ರಾಕ್ಟಿನಲ್ಲಿ ಇರೋರಿಗೆ ಈಗ ಯಾವ ರಿಯಾಯಿತೀನೂ ಇಲ್ಲ’ ಎಂದಳು.

ಅದು ಜೇನಕ್ಕನಿಗೆ ಗೊತ್ತಿದ್ದದ್ದೇ, ಆದರೂ ಮೂರು ಸಲ ಅಂದರೆ ಏನಾದರೂ ಬಗ್ಗೀತು ಎಂದುಕೊಂಡಿದ್ದಳು. ಹೋದ ತಿಂಗಳ ಮೀಟಿಂಗಿನಲ್ಲಿ ಮ್ಯಾನೇಜರು ಹೇಳಿದ್ದ. ಕಾಂಟ್ರಾಕ್ಟಿಗೆ ಸಹಿ ಹಾಕಿದವರು ಹೇಗೂ ಬಿಡೋ ಹಾಗಿಲ್ಲ, ಅವರಿಗೆ ಯಾಕೆ ಬೆಲೆ ಇಳಿಸೋದು ಎಂದಿದ್ದ. ಎಲ್ಲರ ಜೊತೆ ಅವಳೂ ತಲೆಯಾಡಿಸಿದ್ದಳು. ಈಗ ಕಟ್ ಮಾಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಟ್ ಮಾಡಲಿಲ್ಲ.

‘ರೆಕಾರ್ಡ್ ಆಗ್ಲಿ,’ ಎಂದಳು. ‘ಸುಮ್ಮನಿದ್ದವರಿಗೆ ಬರೆ ಹಾಕಿ, ಕೂಗಾಡಿದವರ ಕಾಲು ಹಿಡೀತೀರಿ. ರಿಪೇರಿ ಎಲ್ಲಿ ಅಂತ ಕೇಳಿದ ಮುದುಕಿಗೆ ಬೇಡದ ಫೋನು ಕಟ್ತೀರಿ. ಅದೂ ಗೌರವದ ಹೆಸರಲ್ಲಿ. ಇದನ್ನ ಕೇಳಿಸ್ಕೊಳ್ಳೋರು ಯಾರಾದ್ರೂ ಇದ್ರೆ ಕೇಳಿಸ್ಕೊಳ್ಳಲಿ.’

ಕೇಳಿಸಿಕೊಂಡರು. ಆ ವಾರವೇ ಗಾಜಿನ ಕೋಣೆಗೆ ಕರೆದರು. ಮ್ಯಾನೇಜರು ಅವಳಿಗಿಂತ ಚಿಕ್ಕವನು, ಒಳ್ಳೆಯ ಮಾತಿನವನು. ರೆಕಾರ್ಡನ್ನು ಪೂರ್ತಿ ಹಾಕಿ ಕೇಳಿಸಿದ. ನಡುನಡುವೆ ನೀರಿನ ಲೋಟವನ್ನು ಅವಳತ್ತ ಸರಿಸಿದ.

‘ಮೇಡಂ, ಇದು ನಿಮ್ಮ ದನೀನೇ ಅಲ್ವಾ?’

‘ಹೌದು.’

‘ಬೇರೆಯವರ ಹೆಸರಲ್ಲಿ ಕರೆ ಮಾಡೋದು ತಪ್ಪು ಅಂತ ನಿಮಗೆ ನಾನು ಹೇಳ್ಬೇಕಾ? ಹೊಸಬರಿಗೆ ನೀವೇ ಪಾಠ ಮಾಡಿದೋರು.’

‘ಆ ಫೋನನ್ನ ವಾಪಸ್ ತಗೊಳ್ಳಿ ಸರ್. ನನ್ನ ಕೆಲಸದ ಮಾತು ಆಮೇಲೆ ಆಡೋಣ.’

‘ಅದು ನಮ್ಮ ಕೈಲಿಲ್ಲ ಮೇಡಂ. ಸಿಸ್ಟಮ್ಮು ಬಿಡಲ್ಲ,’ ಎಂದ. ಅವಳು ಗಿರಾಕಿಗಳಿಗೆ ಹೇಳುತ್ತಿದ್ದ ಮಾತೇ. ದನಿಯೂ ಅದೇ.

ಸಂಜೆಯೊಳಗೆ ಕೆಲಸ ಹೋಯಿತು. ಮೆಟ್ಟಿಲಿನಲ್ಲಿ ಕನ್ನಡಕದ ಹುಡುಗಿ ಅಳುಮುಖ ಮಾಡಿಕೊಂಡು ನಿಂತಿದ್ದಳು. ‘ನಾನು ಹೇಳಲಿಲ್ಲ ಅಕ್ಕ, ನನ್ನಾಣೆ. ಅವರೇ ಕೇಳಿಸ್ಕೊಂಡ್ರು.’

‘ಗೊತ್ತು,’ ಎಂದಳು ಜೇನಕ್ಕ. ‘ನೀನು ಚೆನ್ನಾಗಿ ಮಾತಾಡಿದೆ. ನಾನು ಹೇಳಿಕೊಟ್ಟದ್ದರಲ್ಲಿ ಒಂದಕ್ಷರ ತಪ್ಪಲಿಲ್ಲ.’ ಹುಡುಗಿಯ ಮುಖ ಬಾಡಿತು. ಬಾಡಲಿ ಎಂದೇ ಹೇಳಿದ್ದಳು. ಬಸ್ಸಿನಲ್ಲಿ ಕೂತ ಮೇಲೆ, ಅವಳ ಮೇಲೆ ಯಾಕೆ ತೀರಿಸಿಕೊಂಡೆ ಎಂದು ಕೆಡುಕೆನಿಸಿತು. ಮುಂದಿನ ತಿಂಗಳು ಜೇನಕ್ಕನ ಫೋನಿನ ಬಿಲ್ಲೂ ಬಂತು. ನೌಕರರ ದರ ತೆಗೆದು ಪೂರ್ತಿ ದರ ಹಾಕಿದ್ದರು. ಗಂಡ ಬಿಲ್ಲು ನೋಡಿ, ‘ಬಿಡ್ತೀನಿ ಅಂತ ಫೋನ್ ಮಾಡು’ ಎಂದ. ತಮಾಷೆಗೆ ಅಂದದ್ದು. ಅವಳು ಎರಡು ದಿನ ಅವನ ಜೊತೆ ಮಾತಾಡಲಿಲ್ಲ.

ಈಗ ಒಂದು ಹಲ್ಲಿನ ದವಾಖಾನೆಯಲ್ಲಿ ಫೋನ್ ಎತ್ತುವ ಕೆಲಸ. ಸಂಬಳ ಕಡಿಮೆ. ಯಾರಾದರೂ, ನಿಮ್ಮ ದನಿ ಚೆನ್ನಾಗಿದೆ ಎಂದರೆ ಅವಳಿಗೆ ಮೈ ಉರಿಯುತ್ತದೆ.

ಚಿಕ್ಕಮ್ಮನಿಗೆ ಮಾತ್ರ, ಬೇಸರವಾಗಿ ನಾನೇ ಬಿಟ್ಟೆ ಎಂದು ಸುಳ್ಳು ಹೇಳಿದ್ದಳು. ಚಿಕ್ಕಮ್ಮ ಹೌದಾ ಎಂದಷ್ಟೇ ಅಂದಳು. ಅಂದಿನಿಂದ ದಿನಾ ಸಂಜೆ ಬರುತ್ತಿದ್ದ ಕರೆ ಎರಡು ದಿನಕ್ಕೊಮ್ಮೆ ಆಯಿತು, ವಾರಕ್ಕೊಮ್ಮೆ ಆಯಿತು, ಕಡೆಗೆ ನಿಂತೇಹೋಯಿತು. ಇವಳೇ ಮಾಡಿದರೆ ಫೋನ್ ಆಫ್ ಎಂದು ಬರುತ್ತಿತ್ತು. ಹೆದರಿ ಓಡಿಹೋದರೆ ಚಿಕ್ಕಮ್ಮ ಬಾಗಿಲಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದಳು.

‘ಫೋನ್ ಎಲ್ಲಿ?’

ಚಿಕ್ಕಮ್ಮ ಬೀರು ತೆರೆದು, ಟವೆಲಿನಲ್ಲಿ ಸುತ್ತಿಟ್ಟಿದ್ದ ಫೋನನ್ನು ತೋರಿಸಿದಳು. ‘ಆಫ್ ಮಾಡಿಟ್ಟಿದ್ದೀನಿ. ಹಾಗಿದ್ರೆ ಬಿಲ್ಲು ಬೆಳೆಯಲ್ಲ ಅಲ್ವಾ?’

‘ಬೆಳೆಯುತ್ತೆ ಚಿಕ್ಕಮ್ಮ. ಮಾತಾಡಿದ್ರೂ ಅಷ್ಟೇ, ಮಾತಾಡದಿದ್ರೂ ಅಷ್ಟೇ.’

ಚಿಕ್ಕಮ್ಮ ಫೋನನ್ನು ಮತ್ತೆ ಟವೆಲಿನಲ್ಲಿ ಸುತ್ತಿ ಒಳಗಿಟ್ಟು ಬೀರುವಿನ ಬಾಗಿಲು ಹಾಕಿದಳು.

‘ಆದ್ರೂ ಒಳಗೇ ಇರ್ಲಿ,’ ಎಂದಳು. ‘ಅದು ಕಣ್ಣಿಗೆ ಬಿದ್ರೆ ನಿನ್ನ ಕೆಲಸ ಹೋಗಿದ್ದು ನೆನಪಾಗುತ್ತೆ.’

ಜೇನಕ್ಕ ಬಟ್ಟೆಯ ರಾಶಿಯಿಂದ ಒಂದು ಹೊದಿಕೆ ಎಳೆದು ಅದರ ಎರಡು ಮೂಲೆ ಹಿಡಿದಳು, ಚಿಕ್ಕಮ್ಮ ಉಳಿದೆರಡು ಮೂಲೆ ಹಿಡಿದಳು. ಕಾಂಟ್ರಾಕ್ಟು ಮುಗಿಯಲು ಇನ್ನೂ ಒಂದು ವರ್ಷದ ಮೇಲಿತ್ತು.